ಕಾಕಾನ ಗಾಲಿಮನೆಗೆ ಯಾವ ಎಂಜಿನ್ನು?

ಊರಿಗೆ ಹೊರಟಾಗ ಜನ ಮನೆಗೆ ಬೀಗ ಹಾಕುತ್ತಾರೆ. ನಮ್ಮ ಕಾಕಾ ಮನೆಗೆ ಗಾಲಿ ಹಾಕಲು ಹೊರಟರು!

ಸುಳ್ಳಲ್ಲ. ತೊಂಬತ್ತರ ದಶಕದ ಆರಂಭ. ಅಥಣಿಯ ನಮ್ಮ ಅಂಗಳಕ್ಕೆ ಒಂದು ದಿನ ಜೋಡೆತ್ತುಗಳು ಎಂಜಿನ್ನೇ ಇಲ್ಲದ ಹಳೇ ವ್ಯಾನೊಂದನ್ನು ಎಳೆದು ತಂದವು. ಹಿಂದೆ ಕಾಕಾ, ಮದುಮಗನ ಗತ್ತಿನಲ್ಲಿ. ತಿಂಗಳೊಳಗೆ ಅದರಲ್ಲಿ ಮಂಚ, ಅಡುಗೆಕಟ್ಟೆ, ತಾಮ್ರದ ಹಂಡೆ, ಕಿಟಕಿಗೆ ಅವರ ಹೆಂಡತಿ, ನಮ್ಮ ಕಾಕುವಿನ ಹಳೇ ಸೀರೆಯ ಪರದೆ. ಊರವರಿಗೆ ನಗಲು ಇಷ್ಟು ಸಾಲದೇ?

ಆದರೆ ಮನೆಯಲ್ಲಿ ನಮಗೆ ನಗು ಬರುತ್ತಿರಲಿಲ್ಲ. ಕಾಕುವಿನ ಹೊಟ್ಟೆಯಲ್ಲಿ ಗಡ್ಡೆ. ಮೀರಜದಲ್ಲಿ ಆಪರೇಶನ್ ಆಗಲೇಬೇಕು, ಇಪ್ಪತ್ತು ದಿನ ಅಲ್ಲೇ ಇರಬೇಕು ಎಂದಿದ್ದರು ಡಾಕ್ಟರು. ನಾವು ಜೈನರು, ಅದರಲ್ಲೂ ಕಾಕುವಿನ ನೇಮ ಬಲು ಬಿಗಿ. ಹೊತ್ತು ಮುಳುಗಿದ ಮೇಲೆ ಊಟವಿಲ್ಲ. ಮನೆಯಲ್ಲಿ ಸೋಸಿ ಕಾಯಿಸಿದ ನೀರಲ್ಲದೆ ಬೇರೆ ನೀರು ಮುಟ್ಟುವುದಿಲ್ಲ.

"ಖಾನಾವಳಿ ಊಟ, ನಳದ ನೀರು ನನಗ ಬ್ಯಾಡ್ರಿ. ಸತ್ತರ ಇಲ್ಲೇ ಸಾಯ್ತೀನಿ" ಎಂದು ಕಾಕು ಗೋಡೆಗೆ ಮುಖ ಮಾಡಿ ಮಲಗಿಬಿಟ್ಟರು.

"ಅಡಗಿಮನೀನ ಮೀರಜಕ್ಕ ಒಯ್ತೀನಿ, ಆಗ ಏನಂತಿ?" ಎಂದರು ಕಾಕಾ. ಎತ್ತುಗಳು ಆ ವ್ಯಾನು ಎಳೆದು ತರುವವರೆಗೂ ತಮಾಷೆ ಅಂದುಕೊಂಡಿದ್ದೆವು. ಆ ಮನುಷ್ಯ ಯಾವತ್ತಾದರೂ ತಮಾಷೆ ಮಾಡಿದ್ದುಂಟೇ?

ಉಳಿದದ್ದು ಎಂಜಿನ್ನು. ಪೆಟ್ರೋಲೋ, ಡೀಸೆಲ್ಲೋ? ನಮ್ಮ ಓಣಿ ಎರಡು ಪಕ್ಷವಾಯಿತು. ಎದುರುಮನೆಯ ಗೌಡರು ಡೀಸೆಲ್ ಪಕ್ಷದ ಅಧ್ಯಕ್ಷರು. "ಡೀಸೆಲ್ ಬ್ಯಾರಲ್ ಮನ್ಯಾಗ ಐತಿ, ಕೆಟ್ಟರ ಹಳ್ಳಿಗೊಬ್ಬ ಮಿಸ್ತ್ರಿ ಅದಾನ. ಪೆಟ್ರೋಲ್ ಎಂಜಿನ್ ಅಂದ್ರ ಅಳಿಯನ್ನ ಮನ್ಯಾಗ ಇಟ್ಕೊಂಡಾಂಗ್ರಿ, ಬರೇ ತಿನ್ನೂದು!" ಆಗೆಲ್ಲ ಜೀಪುಗಳ ಪೆಟ್ರೋಲ್ ಎಂಜಿನ್ನು ಕಿತ್ತು ಡೀಸೆಲ್ ಕೂರಿಸುವ ಕಾಲ, ಗೌಡರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ.

ಕಾಕಾ ನನ್ನನ್ನು ಕರೆದುಕೊಂಡು ನಿಪ್ಪಾಣಿಯ ಒಂದು ಗ್ಯಾರೇಜಿಗೆ ಹೋದರು. ಅಲ್ಲಿ ಎರಡೂ ಜಾತಿಯ ಎಂಜಿನ್ನುಗಳಿದ್ದವು. ಚೀಲದಿಂದ ಹಿತ್ತಾಳೆಯ ತಂಬಿಗೆ ತೆಗೆದು, ಕಂಠಮಟ್ಟ ನೀರು ತುಂಬಿ, ಓಡುತ್ತಿದ್ದ ಡೀಸೆಲ್ ಎಂಜಿನ್ನಿನ ಮೇಲೆ ಇಟ್ಟರು. ಅದರ ನಡುಕಕ್ಕೆ ನೀರು ಚೆಲ್ಲಿ ಕ್ಷಣದಲ್ಲಿ ಅರ್ಧ ತಂಬಿಗೆ ಖಾಲಿ!

"ಅಹೋ ಕಾಕಾ, ಎಂಜಿನ್ ತಗೊಳ್ಳಾಕ ಬಂದೀರೋ, ಅಭಿಷೇಕ ಮಾಡಾಕ ಬಂದೀರೋ?" ಎಂದ ಮಿಸ್ತ್ರಿ.

ಕಾಕಾ ಸೋಲುವವರೇ? ಎಂಜಿನ್ನು ನಿಲ್ಲಿಸಲು ಹೇಳಿ, ಅದಕ್ಕೆ ಒಂದು ಹಗ್ಗದ ಹೊರಸನ್ನು ತಾಗಿಸಿ, ಹೊರಸಿನ ಮೇಲೆ ಅಂಗಾತ ಮಲಗಿ, "ಚಾಲೂ ಮಾಡು" ಎಂದರು. ಅವರ ಕಟ್ಟಿಸಿದ ಹಲ್ಲು ಟೈಪ್‌ರೈಟರಿನಂತೆ ಕಟಕಟ ಬಡಿಯಿತು. ಮಿಸ್ತ್ರಿ ನಗು ತಡೆಯಲಾರದೆ ಹೊರಗೋಡಿದ. ಪೆಟ್ರೋಲ್ ಎಂಜಿನ್ನಿನ ಪಕ್ಕ ಮಲಗಿದಾಗ ಮಾತ್ರ ಐದು ನಿಮಿಷದಲ್ಲಿ ಗೊರಕೆ ಹೊಡೆದರು.

"ಇದನ್ನ ಕೂಡ್ಸು."

"ಭಾಳ ಕುಡಿತೈತ್ರಿ ಇದು!"

"ಕುಡೀಲಿ. ಹೊಲಿಗಿ ಹಾಕಿದ ಹೊಟ್ಟಿ ಅಲುಗಾಡಬಾರದು."

ಮಿಸ್ತ್ರಿಯ ನಗು ಅಲ್ಲಿಗೆ ನಿಂತಿತು. "ಪೆಟ್ರೋಲ್ ಐತಿ, ಗಾಡಿ ಹತ್ರ ಒಲಿ ಹಚ್ಚಬ್ಯಾಡ್ರಿ" ಎಂದಷ್ಟೇ ಹೇಳಿ, ಅಥಣಿಗೆ ಬಂದು ತಾನೇ ಮುಂದೆ ನಿಂತು ಎಂಜಿನ್ನು ಕೂರಿಸಿಕೊಟ್ಟ.

ಇಪ್ಪತ್ತು ದಿನ ಆ ಮನೆ ಮೀರಜದ ಆಸ್ಪತ್ರೆಯೆದುರು ಬೇವಿನ ನೆರಳಲ್ಲಿ ನಿಂತಿತ್ತು. ದೂರದಲ್ಲಿ ಒಲೆ ಹೂಡಿ ಅವ್ವ ಅಡುಗೆ ಮಾಡಿದಳು. ಜನ್ಮದಲ್ಲಿ ಒಂದು ಲೋಟ ತೊಳೆಯದ ಕಾಕಾ ಬಟ್ಟೆ ಕಟ್ಟಿ ನೀರು ಸೋಸಿದರು. ವಾರ ಕಳೆಯುವುದರಲ್ಲಿ ನರ್ಸುಗಳೂ ಕುಡಿಯುವ ನೀರಿಗೆ ಅಲ್ಲಿಗೇ ಬರತೊಡಗಿದರು! ಆಪರೇಶನ್ ಸುಸೂತ್ರ. ಗಡ್ಡೆ ಕೆಟ್ಟದ್ದಲ್ಲ ಎಂದು ಡಾಕ್ಟರು ಹೇಳಿದಾಗ ನಮ್ಮೆಲ್ಲರ ಜೀವ ತಣ್ಣಗಾಯಿತು.

ಮರಳಿ ಬರುವ ದಿನ ಕಾಗವಾಡದಲ್ಲಿ ಕಾಕುವಿಗೆ ಹೊತ್ತಿರುವಾಗಲೇ ಊಟವಾಯಿತು. ಅಥಣಿ ತಲುಪಿದಾಗ ಇಡೀ ಓಣಿ ಬಾಗಿಲಲ್ಲಿತ್ತು. ಗಾಡಿ ನಿಂತಿತು, ಎಂಜಿನ್ನು ನಿಲ್ಲಲಿಲ್ಲ. ಹತ್ತು ನಿಮಿಷವಾದರೂ ಕಾಕಾ ಸ್ಟೇರಿಂಗ್ ಬಿಟ್ಟು ಏಳಲೊಲ್ಲರು!

"ಕಾಕಾ, ಬಂದ್ ಮಾಡ್ರಿ, ಪೆಟ್ರೋಲ್ ಸುಮ್ನ ಸುಡಾಕತ್ತೈತಿ" ಎಂದೆ.

"ಗಪ್ಪಿರಲೇ" ಎಂದು ಪಿಸುಗುಟ್ಟಿದರು. "ಎಂಟು ತಿಂಗಳಾತು, ನೋವಿನಾಗ ಆಕಿ ಕಣ್ಣ ಮುಚ್ಚಿಲ್ಲ. ಈಗ ಮಲಗ್ಯಾಳ. ಸಪ್ಪಳ ನಿಂತರ ಎದ್ದಾಳು."

ಪರದೆ ಸರಿಸಿ ನೋಡಿದೆ. ಕಾಕು ಬಾಯಿ ತುಸು ತೆರೆದು ಗಾಢ ನಿದ್ದೆಯಲ್ಲಿದ್ದರು. ನನಗೆ ಅಳು ತಡೆಯಲಾಗಲಿಲ್ಲ.

ಗೌಡರು ಚಪ್ಪಲಿ ಕೈಯಲ್ಲಿ ಹಿಡಿದು, ತುದಿಗಾಲಲ್ಲಿ ಹತ್ತಿರ ಬಂದರು.

"ಇರ್ಲಿ ಬಿಡ್ರಿ, ಮಲಗ್ಲಿ" ಎಂದರು ಮೆಲ್ಲಗೆ. "ನನ್ನ ಸ್ಕೂಟರಿನ್ಯಾಗ ಪೆಟ್ರೋಲ್ ಐತಿ. ಸಾಲಲಿಲ್ಲಂದ್ರ ತಗದು ಕೊಡ್ತೀನಿ."