ದೊಡ್ಡಮ್ಮನ ಹಿಮ್ಮಡಿ ಮತ್ತು ಹೊಸ್ತಿಲಾಚೆಯ ಚಪ್ಪಲಿ

ನಮ್ಮ ದೊಡ್ಡಮ್ಮನ ಲೆಕ್ಕದಲ್ಲಿ ಭೂಮಿಯ ಮೇಲಿರುವುದು ಎರಡೇ ಜಾತಿ: ಚಪ್ಪಲಿಯನ್ನು ಹೊಸ್ತಿಲಾಚೆ ಬಿಡುವವರು, ಬಿಡದವರು. ಬಿಡದವರಿಗೆ ಮೋಕ್ಷವಿಲ್ಲ! ದೇವರೇ ಪ್ರತ್ಯಕ್ಷನಾದರೂ ಮೊದಲು ಅವನ ಪಾದ ನೋಡುವ ಹೆಂಗಸು ಅವಳು. ದೊಡ್ಡಪ್ಪ ತೀರಿಕೊಂಡ ಮೇಲೆ ಅವಳನ್ನು ನೆನೆದು ನಗುವುದು ಕಷ್ಟವಾಗಿದೆ. ಆದರೂ ನಗುತ್ತಲೇ ಹೇಳುತ್ತೇನೆ, ಯಾಕೆಂದರೆ ಅವಳ ಚಪ್ಪಲಿ ವೈರಕ್ಕೆ ಹೊಟ್ಟೆ ಹುಣ್ಣಾಗುವಷ್ಟು ನಕ್ಕವನು ಅವನೇ.

ಮಡಕಶಿರದಿಂದ ರೊಳ್ಳದ ಕಡೆಯ ಬಸ್ಸು ಹತ್ತಿದರೆ ಅವರ ಊರು. ರೇಷ್ಮೆ ಹುಳು ಸಾಕುವ ಮನೆ. ಹುಳುವಿನ ಕೋಣೆಗೆ ಚಪ್ಪಲಿ ಹೋದರೆ ಹುಳಕ್ಕೆ ರೋಗ ತಗಲುತ್ತದೆ ಎಂದು ಎಲ್ಲರೂ ಬರಿಗಾಲಲ್ಲೇ ಹೋಗುತ್ತಾರೆ. ಅಲ್ಲಿಗೇ ಬಿಟ್ಟರೆ ಅವಳು ನಮ್ಮ ದೊಡ್ಡಮ್ಮ ಹೇಗಾದಾಳು? ಆ ಕಾನೂನನ್ನು ಪಡಸಾಲೆಗೆ, ಅಡುಗೆಮನೆಗೆ, ಕೊನೆಗೆ ಜಗಲಿಗೂ ಹಬ್ಬಿಸಿದಳು. "ಹುಳಕ್ಕಿರೋ ಮರ್ಯಾದೆ ಮನುಷ್ಯರಿಗೆ ಬ್ಯಾಡ್ವಾ?" ಎಂಬುದು ಅವಳ ವಾದ. ಒಮ್ಮೆ ಜಮೀನಿನ ವಿಷಯಕ್ಕೆ ಬಂದ ಅಧಿಕಾರಿಯ ಬೂಟನ್ನೂ ಅಂಗಳದಲ್ಲೇ ಬಿಡಿಸಿದಳು. ಅದರಲ್ಲೊಂದನ್ನು ನಾಯಿ ಕಚ್ಚಿಕೊಂಡು ಹೋಯಿತು. ಪಾಪ, ಅವರು ದೊಡ್ಡಪ್ಪನ ಚಪ್ಪಲಿ ಮೆಟ್ಟಿಕೊಂಡು ಜೀಪು ಹತ್ತಿದರು!

ಇಷ್ಟು ವರ್ಷ ಸಿಮೆಂಟು ನೆಲದ ಮೇಲೆ ಬರಿಗಾಲಲ್ಲಿ ನಿಂತು ಹುಳಕ್ಕೆ ಸೊಪ್ಪು ಹಾಕಿದರೆ ಹಿಮ್ಮಡಿ ಸುಮ್ಮನಿರುತ್ತದೆಯೇ? ಬೆಳಿಗ್ಗೆ ಎದ್ದು ಮೊದಲ ಹೆಜ್ಜೆ ಊರಿದ ಕೂಡಲೇ "ಅಯ್ಯಯ್ಯಪ್ಪೋ!" ಆ ಕೂಗು ಶುರುವಾದ ಮೇಲೆ ಓಣಿಯ ಕೋಳಿಗಳಿಗೆ ಕೆಲಸವೇ ಇಲ್ಲದಾಯಿತು. ನಾಲ್ಕು ಹೆಜ್ಜೆ ನಡೆದರೆ ತುಸು ಸಡಿಲ, ಕೂತು ಎದ್ದರೆ ಮತ್ತೆ ಅದೇ. ಇಟ್ಟಿಗೆ ಕಾಯಿಸಿ, ಮೇಲೆ ಎಕ್ಕದೆಲೆ ಹಾಸಿ, ಹಿಮ್ಮಡಿ ಊರಿ ನಿಂತಳು. ದೊಡ್ಡಪ್ಪ ಬಿಟ್ಟಾನೆಯೇ?

"ಲೇ, ಅದೂ ಚಪ್ಪಲಿನೇ ಅಲ್ವೇನೆ? ತೂಕ ವಸಿ ಜಾಸ್ತಿ, ಅಷ್ಟೇಯ!"

ಬಿಸಿ ಉಪ್ಪುನೀರಾಯಿತು, ಹರಳೆಣ್ಣೆಯಾಯಿತು. ಐಸು ಕಟ್ಟಿದ ನೀರಿನ ಬಾಟಲಿಯನ್ನು ಪಾದದಡಿ ಉರುಳಿಸು ಎಂದರೆ, "ಗಂಗಮ್ಮನ್ನ ತುಳೀಲಾ?" ಎಂದು ಕೆನ್ನೆ ಬಡಿದುಕೊಂಡಳು.

ಕೊನೆಗೆ ದೊಡ್ಡಪ್ಪ, ನಾನು ಸೇರಿ ಅವಳನ್ನು ಹಿಂದೂಪುರಕ್ಕೆ ಕರೆದುಕೊಂಡು ಹೋದೆವು. ಡಾಕ್ಟರು ಕಾಲು ಒತ್ತಿ ನೋಡಿ, ಗಟ್ಟಿ ನೆಲವೇ ಶತ್ರು ಎಂದರು. ಗೋಡೆಗೆ ಕೈಕೊಟ್ಟು ಮೀನಖಂಡ ಎಳೆಯುವ ವ್ಯಾಯಾಮ ಹೇಳಿಕೊಟ್ಟರು. ಆಮೇಲೆ, "ಇಂಟ್ಲೋ ಕೂಡಾ ಮೆತ್ತಟಿ ಚೆಪ್ಪುಲು ಏಸ್ಕೋಮ್ಮಾ" ಎಂದು ತೆಲುಗಿನಲ್ಲಿ ಹೇಳಿಬಿಟ್ಟರು. ಮನೆಯೊಳಗೂ ಮೆತ್ತನೆಯ ಚಪ್ಪಲಿ! ದೊಡ್ಡಮ್ಮ ಕುಂಟುತ್ತಲೇ ಬಸ್‌ಸ್ಟ್ಯಾಂಡಿಗೆ ನಡೆದಳು.

"ಅವ್ರ ಮನ್ಯಾಗೆ ದೇವ್ರ ಗೂಡಿಲ್ವೇನೋ ಕಣಪ್ಪ," ಎಂದಳು.

ದೊಡ್ಡಪ್ಪ ಅಲ್ಲೇ ಅವಳಿಗೊಂದು ಜೊತೆ ಮೆತ್ತನೆಯ ನೀಲಿ ಚಪ್ಪಲಿ ಕೊಂಡ. ಅದು ಅಟ್ಟ ಸೇರಿತು. ಆಗ ಅವನು ಹೊಸ ಚಾಳಿ ಶುರುಮಾಡಿದ: ತನ್ನ ಸವೆದ ಹವಾಯಿ ಮೆಟ್ಟಿಕೊಂಡು ಪಟಪಟ ಎನ್ನಿಸುತ್ತ ನೇರ ಪಡಸಾಲೆಗೇ ಬರುವುದು! ಅವಳು ಬೈದು, ಕಿತ್ತು ಅಂಗಳಕ್ಕೆ ಎಸೆಯುವುದು, ಅವನು ಮತ್ತೆ ಮೆಟ್ಟಿಕೊಂಡು ಬರುವುದು. ಸೊಸೆಗೂ ಮೊಮ್ಮಕ್ಕಳಿಗೂ ಪುಕ್ಕಟೆ ನಾಟಕ.

"ಯಾಕ್ ದೊಡ್ಡಪ್ಪ, ಸುಮ್ಸುಮ್ನೆ ಬೈಸ್ಕಂತೀಯ?" ಎಂದು ಕೇಳಿದೆ.

"ನಾನು ದಿನಾ ಹಾಕ್ಕಂಡ್ ಬಂದ್ರೆ ಒಂದಿನ ಬೇಸತ್ತು ಅವ್ಳೂ ಹಾಕ್ಕಂತಾಳೆ. ಬೆಳಿಗ್ಗೆ ಎದ್ದು ಅವ್ಳು ಕಾಲೂರೋದು ನೋಡಾಕಾಗಲ್ಲ ಕಣ್ಲಾ," ಎಂದ. ಅವನು ನಗದೆ ಮಾತಾಡಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಆ ದಿನ ನೋಡಲು ಅವನು ಉಳಿಯಲಿಲ್ಲ. ಹೋದ ಬೇಸಿಗೆಯಲ್ಲಿ ಸೊಪ್ಪು ಕುಯ್ಯಲು ಹೋದವನು ಹಿಪ್ಪುನೇರಳೆ ಸಾಲಿನಲ್ಲೇ ಎದೆ ಹಿಡಿದುಕೊಂಡು ಕೂತ. ಮತ್ತೆ ಏಳಲಿಲ್ಲ. ದೊಡ್ಡಮ್ಮ ಅಳಲಿಲ್ಲ, ಯಾರನ್ನೂ ಬೈಯಲೂ ಇಲ್ಲ. ತಿಥಿಗೆ ಬಂದವರ ಮಕ್ಕಳು ಚಪ್ಪಲಿಗಾಲಲ್ಲೇ ಅಡುಗೆಮನೆಗೆ ಓಡಿದರೂ ತಲೆಯೆತ್ತಲಿಲ್ಲ.

ಕಳೆದ ವಾರ ಅವಳನ್ನು ನೋಡಲು ಹೋಗಿದ್ದೆ. ಅಂಗಳದಲ್ಲಿ ಚಪ್ಪಲಿ ಬಿಡುತ್ತಿರುವಾಗಲೇ ಒಳಗಿನಿಂದ ಪಟಪಟ ಸದ್ದು! ಒಂದು ಗಳಿಗೆ ಎಲ್ಲ ಮರೆತು "ದೊಡ್ಡಪ್ಪಾ" ಎಂದು ಕೂಗಿಬಿಟ್ಟೆ. ಬಂದವಳು ದೊಡ್ಡಮ್ಮ. ಕಾಲಲ್ಲಿ ಅವನದೇ ಹವಾಯಿ, ಅವಳ ಹಿಮ್ಮಡಿ ದಾಟಿ ಹಿಂದೆ ಚಾಚಿಕೊಂಡಿತ್ತು. ಕೊನೆಗೂ ಗೆದ್ದನಲ್ಲ ದೊಡ್ಡಪ್ಪ ಎಂದು ನಗು ಬಂತು, ಜೊತೆಗೇ ಕಣ್ಣೂ ತುಂಬಿತು.

"ಇದು ಸವ್ದು ಹಪ್ಪಳ ಆಗೈತಲ್ಲ ದೊಡ್ಡಮ್ಮ, ನೋವು ಹೆಂಗ್ ಹೋದೀತು? ದೊಡ್ಡಪ್ಪ ತಂದಿದ್ದ ಮೆತ್ತಂದು ಅಟ್ಟದ ಮ್ಯಾಲೈತಲ್ಲ, ತಕ್ಕೊಡ್ಲಾ?"

"ಅದ್ನೂ ಹಾಕ್ಕಂಡ್ ನೋಡ್ದೆ ಕಣಪ್ಪ. ನೋವೇನೋ ಹೋಯ್ತದೆ. ಸದ್ದೇ ಬರಲ್ಲ."

ಅಷ್ಟು ಹೇಳಿ, ನನಗೆ ನೀರು ತರಲು ಪಟಪಟ ಎನ್ನಿಸುತ್ತ ಅಡುಗೆಮನೆಗೆ ನಡೆದಳು.