ಸ್ಟೆಲ್ಲಕ್ಕನ ಕಂಪ್ಯೂಟರಿಗೆ ಇಟ್ಟ ಬೊಟ್ಟು

"ಬದಲಾವಣೆಗೆ ನಾನೇನೂ ವಿರೋಧಿಯಲ್ಲ" ಎಂದು ಮಾತು ಶುರುಮಾಡುವವರನ್ನು ನಂಬಬೇಡಿ. ನಾನೂ ಹಾಗೆಯೇ ಶುರುಮಾಡುತ್ತೇನೆ. ನಮ್ಮ ಬಸ್ ನಿಲ್ದಾಣವನ್ನು ಮೆಟ್ರೋ ಕಂಬದ ಆಚೆಗೆ ಸರಿಸಿದಾಗ ಹಳೆಯ ಜಾಗದಲ್ಲೇ ನಿಂತು, ನಿಲ್ಲಿಸದೆ ಹೋದ ಬಸ್ಸುಗಳಿಗೆಲ್ಲ ಶಾಪ ಹಾಕಿದವಳು ನಾನು. ಅಡುಗೆಮನೆಯಲ್ಲಿ ಅತ್ತೆ ಡಬ್ಬಿಗಳ ಜಾಗ ಬದಲಿಸಿದ ದಿನ ಕಾಫಿಗೆ ಉಪ್ಪು ಹಾಕಿಕೊಂಡು, ಅದನ್ನು ಮುಖ ಕಿವುಚದೆ ಕುಡಿದು, "ಡಬ್ಬಿ ಸರಿಸಿದ್ದು ಯಾಕೆ?" ಎಂದು ಕೇಳುವ ಧೈರ್ಯ ಸಾಲದೆ ಸುಮ್ಮನಾದವಳೂ ನಾನೇ. ಬಸ್ಸಿಗೆ ಬೈದರೆ ಅದಕ್ಕೆ ಕೇಳಿಸುವುದಿಲ್ಲ, ಅತ್ತೆಗೆ ಬೈದರೆ ಚೆನ್ನಾಗಿಯೇ ಕೇಳಿಸುತ್ತದೆ. ಬಾಯ್ತುಂಬ ಬೈದು ನೆಮ್ಮದಿಯಾಗಿರಲು ನನಗೆ ಉಳಿದದ್ದು ಆಫೀಸಿನ ಕಂಪ್ಯೂಟರ್ ಒಂದೇ.

ಆಫೀಸೆಂದರೆ ಕುಕ್ ಟೌನಿನ ಹಳೆಯ ಬಂಗಲೆಯೊಂದರಲ್ಲಿರುವ ಪುಟ್ಟ ಕಣ್ಣಿನ ಆಸ್ಪತ್ರೆ. ಮುಂದಿನ ವರಾಂಡದಲ್ಲಿ ಎರಡು ಮೇಜು. ಒಂದು ನನ್ನದು, ಇನ್ನೊಂದು ಮರ್ಫಿ ಟೌನಿನ ಸ್ಟೆಲ್ಲಕ್ಕನದು. ಬಂದವರ ಹೆಸರು ಬರೆದುಕೊಂಡು, ಡಾಕ್ಟರಮ್ಮನನ್ನು ಕಾಣುವ ದಿನ ಗೊತ್ತುಮಾಡಿ ಕಳಿಸುವುದು ನಮ್ಮಿಬ್ಬರ ಕೆಲಸ. ನಾನು ಕೆ.ಆರ್.ಪುರದ ಕಡೆಯ ಸೊಪ್ಪು ಬೆಳೆಯುತ್ತಿದ್ದ ಮನೆತನದ ಸೊಸೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಬಂಗಲೆಗಳ ಹೆಂಗಸರು ಫೋನಿನಲ್ಲಿ ಇಂಗ್ಲಿಷ್ ಸುರಿಸಿದರೆ ನನ್ನ ನಾಲಗೆ ಅಂಗುಳಕ್ಕೆ ಅಂಟಿಕೊಳ್ಳುತ್ತಿತ್ತು. ಆಗೆಲ್ಲ ಸ್ಟೆಲ್ಲಕ್ಕ ಸದ್ದಿಲ್ಲದೆ ನನ್ನ ಕೈಯಿಂದ ರಿಸೀವರ್ ತೆಗೆದುಕೊಂಡು ತಾವೇ ಮಾತಾಡಿ, ಆಮೇಲೆ "ಅವ್ರ್ ಹೇಳಿದ್ದು ಇಷ್ಟೇಮ್ಮಾ" ಎಂದು ನನಗೆ ಕನ್ನಡದಲ್ಲಿ ಹೇಳಿಕೊಡುತ್ತಿದ್ದರು. ನನ್ನನ್ನು ನೋಡಿ ನಕ್ಕಿದ್ದು ಒಂದು ದಿನವೂ ಇಲ್ಲ. ಮಧ್ಯಾಹ್ನ ನನ್ನ ಡಬ್ಬಿಯ ಉಪ್ಸಾರು ಅವರಿಗೆ, ಅವರ ಡಬ್ಬಿಯ ಮೀನಿನ ಸಾರು ನನಗೆ. ಈ ವ್ಯವಸ್ಥೆ ನನ್ನ ಅತ್ತೆಗೆ ಇವತ್ತಿಗೂ ಗೊತ್ತಿಲ್ಲ.

ಹೀಗಿರುವಾಗ ಒಂದು ಸೋಮವಾರ ಕಂಪ್ಯೂಟರ್ ಹಾಕಿದರೆ ನಮ್ಮ ಹಳೆಯ ಪರದೆಯೇ ಇಲ್ಲ! "ನಿಮ್ಮ ಕೆಲಸವನ್ನು ಇನ್ನಷ್ಟು ಸರಳಗೊಳಿಸಿದ್ದೇವೆ" ಎಂಬ ಶುಭವಾರ್ತೆಯೊಂದು ಬಂದು ಹೋಯಿತು. ಅದರ ಹಿಂದೆ ನೋಡಿದರೆ ಹಸಿರು ಗುಂಡಿ ಇಲ್ಲ, ಹಳದಿ ಗುಂಡಿ ಇಲ್ಲ, ಎಲ್ಲಕ್ಕೂ ಒಂದೇ ಬೂದು ಬಣ್ಣ. ಎಡಗಡೆ ಇದ್ದದ್ದು ಬಲಗಡೆಗೆ ಹೋಗಿತ್ತು, ಬಲಗಡೆ ಇದ್ದದ್ದು ಮೂರು ಗೆರೆಗಳ ಹಿಂದೆ ಅಡಗಿತ್ತು. "ಅಕ್ಷರನೂ ಸಾಸಿವೆ ಕಾಳಿನಷ್ಟು ಮಾಡಿಟ್ಟಿದ್ದಾರೆ, ಇವರ ಮನೆ ಹಾಳಾಗ!" ಎಂದೆ ನಾನು. ಅಂದಿನಿಂದ ದಿನಕ್ಕೆ ನಾಲ್ಕಾರು ಸಲ ಅದನ್ನೇ ಅನ್ನುತ್ತಿದ್ದೆ. ಸಾಫ್ಟ್‌ವೇರ್ ಕಂಪನಿಗೆ ಫೋನ್ ಮಾಡಿದರೆ ಅಲ್ಲಿಯ ಹುಡುಗಿ ಜೇನು ಸುರಿದಂತೆ ಮಾತಾಡಿದಳು.

"ಏನಂದ್ಲು?" ಎಂದರು ಸ್ಟೆಲ್ಲಕ್ಕ.

"ಕಲಿಯೋದೇ ಬೇಡ್ವಂತೆ ಅಕ್ಕಾ. ನೋಡ್ತಾ ನೋಡ್ತಾ ತಾನಾಗೇ ಗೊತ್ತಾಗುತ್ತಂತೆ."

"ಯಾರಿಗೆ?"

ನಾನಾದರೋ ಬೈದು ಬೈದು ಹೇಗೋ ನಿಭಾಯಿಸಿದೆ. ಸ್ಟೆಲ್ಲಕ್ಕ ಬೈಯುವವರಲ್ಲ, ಒಳಗೊಳಗೇ ಕುಗ್ಗುವವರು. ವರಾಂಡದಲ್ಲಿ ಜನ ಕಾಯುತ್ತಿದ್ದರೆ ಅವರು ಒಂದೇ ಗುಂಡಿಗಾಗಿ ಪರದೆಯ ತುಂಬ ಹುಡುಕಾಡುತ್ತಿದ್ದರು. ಒಂದು ದಿನ ಡಬ್ಬಿ ಬಿಚ್ಚಿ, ತಿನ್ನದೆ ಮುಚ್ಚಿ, "ಇನ್ನು ನನ್ ಕೈಲಾಗಲ್ಲ ಜಯಾ. ತಿಂಗಳ ಕೊನೇಲಿ ಬಿಟ್ಬಿಡ್ತೀನಿ, ಮೇಡಂಗೆ ಹೇಳ್ತೀನಿ" ಎಂದರು. ಆಸ್ಪತ್ರೆಗೆ ಇನ್ನೊಬ್ಬರು ಸಿಗುತ್ತಾರೆ, ನನಗೆ ಇನ್ನೊಬ್ಬ ಸ್ಟೆಲ್ಲಕ್ಕ ಎಲ್ಲಿ ಸಿಗುತ್ತಾರೆ? ಅವರಿಲ್ಲದ ಆ ವರಾಂಡದಲ್ಲಿ ಕೂರುವುದನ್ನು ನೆನೆದರೇ ಅಳು ಬಂತು.

ದಾರಿ ಹೊಳೆದದ್ದು ಮನೆಯ ಬಚ್ಚಲಲ್ಲಿ. ನಮ್ಮ ಅತ್ತೆ ಹಣೆಯ ಸ್ಟಿಕ್ಕರನ್ನು ಸ್ನಾನಕ್ಕೆ ಮುಂಚೆ ಕನ್ನಡಿಗೆ ಅಂಟಿಸುವವರು. ಅದು ಎಲ್ಲ ಮನೆಯ ಹೆಂಗಸರೂ ಮಾಡುವ ಕೆಲಸವೇ, ಬಿಡಿ. ಆದರೆ ಅವರು ವಾಷಿಂಗ್ ಮಷೀನಿಗೂ ಒಂದು ಬೊಟ್ಟು ಇಟ್ಟಿದ್ದಾರೆ. ಅಲ್ಲಿಗೆ ತಿರುಗಿಸಿದರೆ ಬಟ್ಟೆ ಒಗೆಯುತ್ತದೆ, ಮಿಕ್ಕಿದ್ದೆಲ್ಲ ಕಂಪನಿಯವರ ಕಂತೆಪುರಾಣ ಎಂಬುದು ಅವರ ಅಭಿಪ್ರಾಯ. ಮರುದಿನವೇ ಅವರ ಸ್ಟಿಕ್ಕರ್ ಹಾಳೆಯಿಂದ ಮೂರು ಕದ್ದು ಸ್ಟೆಲ್ಲಕ್ಕನ ಕಂಪ್ಯೂಟರಿನ ಪರದೆಗೆ ಅಂಟಿಸಿದೆ. ಹೊಸಬರಿಗೆ ಹಸಿರು, ಹುಡುಕಲು ನೀಲಿ, ಬರೆದದ್ದನ್ನು ಉಳಿಸಲು ದೊಡ್ಡ ಕೆಂಪು. "ಓದೋಕೆ ಹೋಗ್ಬೇಡಿ ಅಕ್ಕಾ, ಮೌಸಿನ ಬಾಣಾನ ಬೊಟ್ಟಿನಡಿ ತಗೊಂಡೋಗಿ ಒತ್ಬಿಡಿ" ಎಂದು ಪಾಠ ಹೇಳಿದೆ. ಹಣೆಗೆ ಎಂದೂ ಬೊಟ್ಟಿಡದ ಸ್ಟೆಲ್ಲಕ್ಕ, ಮುತ್ತೈದೆಯಾಗಿ ನಿಂತ ತಮ್ಮ ಕಂಪ್ಯೂಟರನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಡಬ್ಬಿ ಖಾಲಿಯಾಗತೊಡಗಿತು, ಕೆಲಸ ಬಿಡುವ ಮಾತು ನಿಂತಿತು. ನನ್ನ ಜಾಣತನಕ್ಕೆ ನಾನೇ ಮಾರುಹೋದೆ.

ಜಾಣೆಗೆ ಒಂದು ವಿಷಯ ಹೊಳೆದಿರಲಿಲ್ಲ. ಸರಳಗೊಳಿಸುವವರು ಒಂದೇ ಸಲಕ್ಕೆ ನಿಲ್ಲಿಸುವುದಿಲ್ಲ. ಎರಡನೆಯ ಸಲ ಅವರು ಹೆಚ್ಚೇನೂ ಮಾಡಲಿಲ್ಲ. ಪರದೆಯ ನೆತ್ತಿಯ ಮೇಲೆ "ಹೊಸತೇನಿದೆ?" ಎಂಬ ಪಟ್ಟಿಯೊಂದನ್ನು ಕೂರಿಸಿದರು, ಅಷ್ಟೇ. ಅದಕ್ಕೆ ಜಾಗ ಬಿಡಲು ಗುಂಡಿಗಳೆಲ್ಲ ಒಂದು ಬೆರಳಿನಷ್ಟು ಕೆಳಗೆ ಜರುಗಿದವು. ಬೊಟ್ಟುಗಳು ಮಾತ್ರ ಇದ್ದಲ್ಲೇ ಇದ್ದವು. ಉಳಿಸುವ ಗುಂಡಿಯ ಮೇಲ್ಗಡೆ ಇದ್ದ ಗುಂಡಿ ಈಗ ಕೆಂಪು ಬೊಟ್ಟಿನ ಅಡಿಗೆ ಬಂದು ಕೂತಿತು. ಅದು ಆಸ್ಪತ್ರೆಯ ಎಲ್ಲ ರೋಗಿಗಳ ಫೋನಿಗೂ ಜ್ಞಾಪನೆ ಕಳಿಸುವ ಗುಂಡಿ. ಆ ಸಂಜೆ ಮನೆಗೆ ಹೊರಡುವ ಮುಂಚೆ ಸ್ಟೆಲ್ಲಕ್ಕ ನನ್ನ ಪಾಠದಂತೆ, ಓದಲು ಹೋಗದೆ, ಬೊಟ್ಟಿನಡಿ ಒತ್ತಿದರು. "ಖಂಡಿತವೇ?" ಎಂದು ಕೇಳಿತು. ಅದು ಎಲ್ಲದಕ್ಕೂ ಹಾಗೆ ಕೇಳುತ್ತದೆ. ಹೌದೆಂದು ಒತ್ತಿ, ಬ್ಯಾಗು ಹೆಗಲಿಗೇರಿಸಿ ಹೊರಟರು.

ಬೆಳಿಗ್ಗೆ ನಾನು ಬರುವಷ್ಟರಲ್ಲಿ ಗೇಟಿನಿಂದ ರಸ್ತೆಯವರೆಗೆ ಜನ. ಎಂದೋ ಪೊರೆ ತೆಗೆಸಿಕೊಂಡು ಹೋದವರು, ಕನ್ನಡಕ ಪಡೆದು ನಮ್ಮನ್ನು ಮರೆತವರು, ಎಲ್ಲರೂ ಇದ್ದರು. ಎಲ್ಲರ ಫೋನಿನಲ್ಲೂ "ನಾಳೆ ಬೆಳಿಗ್ಗೆ ಡಾಕ್ಟರನ್ನು ಕಾಣಲು ಬನ್ನಿ" ಎಂಬ ಸಂದೇಶ. ಹಲಸೂರಿನ ಮುದುಕ ದರ್ಜಿ ಕರೀಂ ಭಾಯ್ ಹೊಸ ಜುಬ್ಬಾ ತೊಟ್ಟು, "ಸ್ಟೆಲ್ಲಾ ಬೆಹನ್ ಯಾದ್ ಮಾಡಿದ್ರಲ್ಲ, ಬಂದ್ಬಿಟ್ಟೆ" ಎಂದು ಹಿಗ್ಗುತ್ತಿದ್ದರು. ಸ್ಟೆಲ್ಲಕ್ಕ ಮಾತ್ರ ಬ್ಯಾಗನ್ನು ಎದೆಗವಚಿಕೊಂಡು ನಿಂತಿದ್ದರು. "ತಿಂಗಳ ಕೊನೆ ಬೇಡಮ್ಮಾ. ಈಗ್ಲೇ ಹೋಗ್ತೀನಿ" ಎಂದರು.

ಅಷ್ಟರಲ್ಲಿ ಡಾಕ್ಟರಮ್ಮ ಬಂದರು. ತಪ್ಪು ನನ್ನದು, ಬೊಟ್ಟು ಇಟ್ಟವಳು ನಾನು ಎಂದು ಒಂದೇ ಉಸಿರಿಗೆ ಹೇಳಿದೆ. ಅವರು ಬಗ್ಗಿ ಕೆಂಪು ಬೊಟ್ಟನ್ನು ಉಗುರಿನಿಂದ ಎಬ್ಬಿಸಿ ಅಡಿಯಲ್ಲಿದ್ದುದನ್ನು ಓದಿದರು. "ಕಂಪನಿಯವರಿಗೆ ಏನಂತ ಕಂಪ್ಲೇಂಟ್ ಕೊಡ್ಲಿ ಜಯಾ? ಬೊಟ್ಟು ಜಾರ್ತು ಅಂತಾನಾ?" ಎಂದವರು ಸ್ಟೆಲ್ಲಕ್ಕನ ಕಡೆ ತಿರುಗಿ, "ಹೋಗೋ ವಿಚಾರ ಆಮೇಲೆ ನೋಡೋಣ. ನೀವೇ ಕರೆದಿದ್ದು ಅಂತ ಬಂದಿದ್ದಾರೆ, ಮೊದಲು ಕೂರಿಸಿ" ಎಂದರು. ಸ್ಟೆಲ್ಲಕ್ಕ ಬ್ಯಾಗು ಕೆಳಗಿಟ್ಟರು. ತಮಿಳಿನವರಿಗೆ ತಮಿಳು, ಕರೀಂ ಭಾಯ್‌ಗೆ ಉರ್ದು, ಅಜ್ಜಿಯರಿಗೆ ಕುರ್ಚಿ. ಸುಮ್ಮನೆ ಬಂದವರನ್ನು ಮಾತಾಡಿಸಿ ಕಳಿಸಿದರು, ಕಣ್ಣು ಕೆಂಪಾದವರನ್ನು ಒಳಗೆ ಬಿಟ್ಟರು. ಯಾರನ್ನು ಎಲ್ಲಿಗೆ ಕಳಿಸಬೇಕೆಂದು ಒಮ್ಮೆಯೂ ಹುಡುಕಾಡಲಿಲ್ಲ.

ಸಾಲಿನ ಕೊನೆಯಲ್ಲಿ, ರೇಷ್ಮೆ ಸೀರೆಯುಟ್ಟು ಕೂತಿದ್ದವರು ನಮ್ಮ ಅತ್ತೆ!

"ಇದೇನತ್ತೆ, ನಂಗೆ ಒಂದ್ಮಾತು ಹೇಳ್ಬಾರ್ದಾ?"

"ಹೇಳಿದ್ರೆ ಮುಂದಿನ ವಾರ ಹೋಗೋಣ ಅಂತೀಯ. ಮನೇಲಿ ಕಣ್ಣಾಸ್ಪತ್ರೆಯವಳನ್ನ ಇಟ್ಕೊಂಡು, ನಿನ್ ಕೈಲೇ ಹೆಸರು ಬರೆಸಿ, ನಾನು ವರ್ಷದಿಂದ ಕಾಯ್ತಿದೀನಿ. ಕಂಪ್ಯೂಟ್ರಾದ್ರೂ ಕರೀತಲ್ಲ, ಪುಣ್ಯ ಬರ್ಲಿ ಅದಕ್ಕೆ."

ಆಮೇಲೆ ಪರದೆಯ ಮೇಲೆ ಉಳಿದಿದ್ದ ತಮ್ಮ ಬೊಟ್ಟುಗಳನ್ನು ಗುರುತಿಸಿ, ಕಥೆಯೆಲ್ಲ ಕೇಳಿ, ನನ್ನತ್ತ ನೋಡಿದರು. "ಬೊಟ್ಟಿಟ್ಬಿಟ್ರೆ ಆಯ್ತೇನೇ? ಮಷೀನ್ ತಂದಾಗ ನಾನು ಪಕ್ಕದ ಮನೆಯವಳನ್ನ ಕೂರಿಸ್ಕೊಂಡು ನಾಲ್ಕು ದಿನ ಇಬ್ರೂ ಸೇರಿ ಕಲ್ತ್ವಿ. ಬೊಟ್ಟಿಟ್ಟಿದ್ದು ಅದಾದ್ಮೇಲೆ. ಇವ್ರ ಪಕ್ಕ ಒಂದಿನ ಆದ್ರೂ ಕೂತ್ಯಾ ನೀನು?"

ಕೂತಿರಲಿಲ್ಲ. ನಿಜ ಹೇಳಬೇಕೆಂದರೆ ಹೊಸ ಪರದೆ ನನಗೂ ಅರ್ಥವಾಗಿರಲಿಲ್ಲ. ಬೈಗುಳದ ಮರೆಯಲ್ಲಿ ಅದು ಯಾರಿಗೂ ಕಾಣುತ್ತಿರಲಿಲ್ಲ, ಅಷ್ಟೇ. ಅಂದಿನಿಂದ ಮಧ್ಯಾಹ್ನ ಊಟವಾದ ಮೇಲೆ ಇಬ್ಬರೂ ಒಂದೇ ಮೇಜಿಗೆ ಕುರ್ಚಿ ಎಳೆದುಕೊಂಡು ಕೂತೆವು. ಒಂದೊಂದೇ ಗುಂಡಿ ಒತ್ತುವುದು, ಏನಾಗುತ್ತದೋ ನೋಡುವುದು, ಬೆಚ್ಚುವುದು, ನಗುವುದು. ಸ್ಟೆಲ್ಲಕ್ಕ ಓದುತ್ತಿದ್ದರು, ನಾನು ಒತ್ತುತ್ತಿದ್ದೆ. ತಿಂಗಳು ಕಳೆಯಿತು. ಕೆಲಸ ಬಿಡುವ ಮಾತನ್ನು ಅವರು ಎತ್ತಲಿಲ್ಲ, ನಾನು ನೆನಪಿಸಲಿಲ್ಲ.

ಕೊನೆಗೊಂದು ಮಧ್ಯಾಹ್ನ ಸ್ಟೆಲ್ಲಕ್ಕ ಉಳಿದ ಬೊಟ್ಟುಗಳನ್ನೂ ಕಿತ್ತು, ನನ್ನ ಸಹಾಯವಿಲ್ಲದೆ ಏನೋ ಬರೆದು, ಉಳಿಸಿ, ಇನ್ನೊಂದು ಗುಂಡಿ ಒತ್ತಿ, ಕೈಕಟ್ಟಿ ಕೂತರು. ನನ್ನ ಫೋನು ಗುಂಯ್ ಅಂದಿತು. ಕೈಯಷ್ಟು ದೂರ ಹಿಡಿದು, ಕತ್ತು ಹಿಂದಕ್ಕೆಳೆದು ಓದಿದೆ: ನಾಳೆ ಬೆಳಿಗ್ಗೆ ಡಾಕ್ಟರನ್ನು ಕಾಣಲು ಬನ್ನಿ.

"ಅಯ್ಯೋ ಅಕ್ಕಾ, ಮತ್ತೆ ಎಲ್ಲರಿಗೂ ಹೋಯ್ತು!"

"ಯಾರ್ಗೂ ಹೋಗಿಲ್ಲಮ್ಮಾ, ನಿಂಗೊಬ್ಳಿಗೇ. ಬೇಕೂಂತ್ಲೇ ಹಾಕಿದ್ದು" ಎಂದರು ಸ್ಟೆಲ್ಲಕ್ಕ, ನನ್ನ ಕೈಯಿಂದ ಫೋನನ್ನು ಆ ಹಳೆಯ ರಿಸೀವರಿನ ಹಾಗೇ ಮೆಲ್ಲಗೆ ತೆಗೆದುಕೊಂಡು. "ಅಕ್ಷರ ಸಾಸಿವೆ ಕಾಳು, ಸಾಸಿವೆ ಕಾಳು ಅಂತ ಅವತ್ತಿಂದ ಬೈತಾನೇ ಇದೀಯಲ್ಲ ಜಯಾ. ನಂಗೆ ಮೊದ್ಲಿಂದ್ಲೂ ಅದು ಸರಿಯಾಗೇ ಕಾಣುತ್ತೆ."