ಷಡ್ಡಕ, ನಾನು ಮತ್ತು ಅಲುಗಾಡುವ ‘ಎ’

ಈ ಮನೆಯಲ್ಲಿ ಇನ್ನು ಮುಂದೆ ಯಾವ ವಸ್ತು ಕೆಟ್ಟರೂ ಅದರ ರಿಪೇರಿ ನನ್ನ ಈ ಎರಡು ಕೈಗಳಿಂದಲೇ ಎಂದು ಶನಿವಾರ ಬೆಳಿಗ್ಗೆ ಹಲ್ಲುಜ್ಜುತ್ತಲೇ ಘೋಷಿಸಿಬಿಟ್ಟೆ! ಬಾಯಿ ತುಂಬ ನೊರೆ ಇದ್ದುದರಿಂದ ಹೆಂಡತಿಗೆ ಅರ್ಧ ಮಾತ್ರ ಕೇಳಿಸಿತು. ಆ ಅರ್ಧಕ್ಕೇ ಅವಳು ಗಾಬರಿಯಾದಳು.

ವಿಷಯ ಇಷ್ಟೇ. ಅವಳು ಶಾಲೆಯಲ್ಲಿ ವಿಜ್ಞಾನದ ಟೀಚರ್. ಅವಳ ಲ್ಯಾಪ್‌ಟಾಪಿನ ‘ಎ’ ಕೀ ಒಂದು ವಾರದಿಂದ ಅಲುಗಾಡುತ್ತಿತ್ತು. ಅಂದು ಸಂಜೆ ನಾಲ್ಕರೊಳಗೆ ಪರೀಕ್ಷೆಯ ಪ್ರಶ್ನೆಪತ್ರಿಕೆ ಟೈಪ್ ಮಾಡಿ ಹೆಡ್‌ಮೇಡಂಗೆ ಕಳಿಸಬೇಕಿತ್ತು.

“ಭಾವನಿಗೆ ಹೇಳ್ತೀನಿ ಬಿಡಿ. ಅವರಿಗೆ ಐದು ನಿಮಿಷದ ಕೆಲಸ” ಎಂದಳು.

ಭಾವ! ಅವಳ ಅಕ್ಕನ ಗಂಡ, ಅಂದರೆ ನನ್ನ ಷಡ್ಡಕ. ಬೇರೆಯವರು ಶರ್ಟಿನ ಜೇಬಿನಲ್ಲಿ ಪೆನ್ನು ಇಟ್ಟುಕೊಂಡರೆ ಈ ಮಹಾನುಭಾವರು ಸ್ಕ್ರೂಡ್ರೈವರ್ ಇಟ್ಟುಕೊಳ್ಳುತ್ತಾರೆ. ನಮ್ಮ ಅಡುಗೆಮನೆಯ ನಲ್ಲಿಗೆ ಅವರು ವಾಷರ್ ಹಾಕಿ ಎರಡು ವರ್ಷವಾಯಿತು. ಇವತ್ತಿಗೂ ಹೆಂಡತಿ ಪಾತ್ರೆ ತೊಳೆಯುವಾಗ “ನೋಡಿ, ಒಂದು ಹನಿ ಸೋರಲ್ಲ” ಅನ್ನುತ್ತಾಳೆ. ನಾನು ಹದಿನಾಲ್ಕು ವರ್ಷದಿಂದ ಇದೇ ಮನೆಯಲ್ಲಿ ಗಂಡನಾಗಿದ್ದೇನೆ, ನಾನೂ ಎಲ್ಲೂ ಸೋರಿಲ್ಲ. ಒಂದು ದಿನವೂ ಹೊಗಳಿಸಿಕೊಂಡ ನೆನಪಿಲ್ಲ! ಅವರು ಬಂದರೆ ಟೀ ಕೂಡ ದೊಡ್ಡ ಲೋಟದಲ್ಲಿ. ಹೊಟ್ಟೆಕಿಚ್ಚಾ ಅಂತ ಕೇಳಿದರೆ, ಹೌದು ಸ್ವಾಮಿ, ಹೊಟ್ಟೆಕಿಚ್ಚೇ.

“ಭಾವನೂ ಬೇಡ, ಗೀವನೂ ಬೇಡ! ನಾನಿದ್ದೀನಲ್ಲ!”

“ನೀವಿದ್ದೀರಲ್ಲ ಅಂತಾನೇ ಭಯ ರೀ.”

ಬೆಣ್ಣೆ ಸವರುವ ಚಾಕು ಹಿಡಿದು ಕಾರ್ಯಾಚರಣೆಗೆ ಇಳಿದೆ. ‘ಎ’ ಟಪ್ಪೆಂದು ಮೇಲೆದ್ದಿತು. ಅದರಡಿಯಲ್ಲಿ ಉಗುರಿನಷ್ಟು ತೆಳ್ಳನೆಯ ಬಿಳಿ ಪ್ಲಾಸ್ಟಿಕ್ ಕತ್ತರಿಯಂಥದ್ದೊಂದು. ಅದರ ಒಂದು ಕೊಕ್ಕೆ ಮುರಿದಿತ್ತು. ನನ್ನ ಮಹಾಮೇಧಾವಿ ತಲೆಗೆ ತಕ್ಷಣ ಹೊಳೆಯಿತು. ಮೂಲೆಯಲ್ಲಿ ಕೆಲಸವಿಲ್ಲದೆ ಕೂತು ಸಂಬಳ ತಿನ್ನುತ್ತಿದ್ದ ‘ಝಡ್’ ಕಿತ್ತು, ಅದರಡಿಯ ಕತ್ತರಿಯನ್ನು ‘ಎ’ಗೆ ಹಾಕಿ ಒತ್ತಿದೆ. ಕೂತೇಬಿಟ್ಟಿತು!

ಹೆಂಡತಿ ನಾಲ್ಕು ಸಾಲು ಟೈಪ್ ಮಾಡಿ ನೋಡಿದಳು. “ಅರೆ, ಪರವಾಗಿಲ್ಲವೇ!” ಎಂದಳು. ಅಷ್ಟಕ್ಕೇ ನಿಲ್ಲಿಸಿದ್ದರೆ ಈ ಬರಹವೇ ಇರುತ್ತಿರಲಿಲ್ಲ. “ಟೈಪಿಂಗ್ ಬಂದಮೇಲೆ” ಎಂದು ವಾರದ ಸಂತೆಯಿಂದ ತರಕಾರಿ ತರಲು ಚಪ್ಪಲಿ ಮೆಟ್ಟುತ್ತಾ, “ಭಾವ ಆಗಿದ್ರೆ ಒಳಗಿನ ಧೂಳನ್ನೂ ತೆಗೆದುಕೊಡ್ತಿದ್ರು” ಎಂದು ಸೇರಿಸಿ ಹೊರಟುಹೋದಳು.

ಮೈಯೆಲ್ಲ ಉರಿದುಹೋಯಿತು. ಧೂಳು ತಾನೆ? ತೆಗೆಯುತ್ತೇನೆ! ಷಡ್ಡಕ ಏಳೇಳು ಜನ್ಮದಲ್ಲೂ ತೆಗೆಯದಷ್ಟು ತೆಗೆಯುತ್ತೇನೆ! ಚಾಕು ಹಿಡಿದು ಒಂದು ಕಡೆಯಿಂದ ಕಿತ್ತೆ. ಅಕ್ಷರ, ಅಂಕಿ, ಬಾಣದ ಗುರುತು ಯಾವುದಕ್ಕೂ ದಯೆ ದಾಕ್ಷಿಣ್ಯ ತೋರಲಿಲ್ಲ. ಎಲ್ಲವನ್ನೂ ಜರಡಿಗೆ ಹಾಕಿ ಸೋಪಿನ ನೀರಲ್ಲಿ ತೊಳೆದು, ಬಾಲ್ಕನಿಯಲ್ಲಿ ಪೇಪರ್ ಹಾಸಿ ಹರಡಿದೆ. ಬೇಗ ಒಣಗಲಿ ಎಂದು ಹೆಂಡತಿಯ ಹೇರ್ ಡ್ರೈಯರ್ ತಂದು ಬಿಸಿಗಾಳಿ ಬಿಟ್ಟೆ.

ಅಬ್ಬಬ್ಬಾ! ಆ ಕೀಗಳು ಹಾರಿದ ರಭಸವೇನು! ಅರ್ಧ ಬಾಲ್ಕನಿಯ ಮೂಲೆ ಸೇರಿದವು, ಉಳಿದರ್ಧ ಕಂಬಿಗಳ ಸಂದಿಯಿಂದ ಕೆಳಗಿನ ಮನೆಯ ಅಂಗಳಕ್ಕೆ ಉದುರಿದವು. ಕೆಳಗಿನಿಂದ ಅಜ್ಜಿಯೊಬ್ಬರ ಕೂಗು ಕೇಳಿಸಿತು: “ಯಾರಪ್ಪಾ ಅದು, ತಲೆ ಮೇಲೆ ಎಬಿಸಿಡಿ ಎಸೀತಿರೋರು?”

ಓಡಿ ಹೋಗಿ, ಕ್ಷಮೆ ಕೇಳಿ, ಸಿಕ್ಕಿದ್ದನ್ನು ಆರಿಸಿಕೊಂಡು ಬಂದು ಜೋಡಿಸಲು ಕೂತೆ. ಆಮೇಲೆ ತಿಳಿಯಿತು, ಕೀಳುವ ಆವೇಶದಲ್ಲಿ ಬಿಳಿ ಕತ್ತರಿಗಳನ್ನೂ ಸಾಲಾಗಿ ಮುರಿದಿದ್ದೆ. ಒಂದನ್ನು ಒತ್ತಿದರೆ ಪಕ್ಕದ್ದು ಎದ್ದು ಬರುತ್ತಿತ್ತು. ಹೆಂಡತಿ ಚೀಲ ಹಿಡಿದು ಒಳಗೆ ಬಂದಾಗ ಗಡಿಯಾರದಲ್ಲಿ ಎರಡೂವರೆ. ಲ್ಯಾಪ್‌ಟಾಪ್ ಬೊಚ್ಚುಬಾಯಿ ಬಿಟ್ಟುಕೊಂಡು ಕೂತಿತ್ತು.

ಅವಳು ಕೂಗಾಡಲಿಲ್ಲ. ಚೀಲ ಕೆಳಗಿಟ್ಟು ಫೋನ್ ತೆಗೆದಳು.

“ಲೇ, ನಿನ್ನ ದಮ್ಮಯ್ಯ, ಭಾವನಿಗೆ ಮಾತ್ರ ಹೇಳ್ಬೇಡ ಕಣೇ!”

“ಪ್ರಶ್ನೆಪತ್ರಿಕೆ ನಿಮ್ಮ ತಲೆ ಮೇಲೆ ಬರೀಲಾ?”

ಇಪ್ಪತ್ತು ನಿಮಿಷದಲ್ಲಿ ಷಡ್ಡಕ ಹಾಜರ್. ಹೊಟ್ಟೆ ಹಿಡಿದುಕೊಂಡು ನಗುತ್ತಾರೆ ಎಂದು ಕಾದೆ. ನಗಲಿಲ್ಲ! ಚೀಲದಿಂದ ತಮ್ಮ ಮನೆಯ ಹಳೇ ಕೀಬೋರ್ಡ್ ತೆಗೆದು, ಅದರ ವೈರನ್ನು ಲ್ಯಾಪ್‌ಟಾಪಿಗೆ ಚುಚ್ಚಿ, “ಟೈಪ್ ಮಾಡಮ್ಮ” ಎಂದರು. ಮುಗಿಯಿತು! ಹೆಂಡತಿ ಟಕಟಕ ಶುರು ಮಾಡಿದಳು. ನನ್ನ ಹೊಟ್ಟೆಯೊಳಗಿನ ಕಿಚ್ಚಿಗೆ ಒಂದು ಡಬ್ಬ ಎಣ್ಣೆ ಬಿದ್ದಂತಾಯಿತು.

ಆಮೇಲೆ ಬಾಲ್ಕನಿಯಲ್ಲಿ ಷಡ್ಡಕ ನನ್ನ ಹೆಗಲ ಮೇಲೆ ಕೈಯಿಟ್ಟರು. “ನಿನ್ನಿಂದ ನನಗೆ ಮನೇಲಿ ನೆಮ್ಮದಿ ಇಲ್ಲ ಕಣಯ್ಯಾ.”

“ನನ್ನಿಂದಲಾ?”

“ಮತ್ತೆ? ನಿಮ್ಮತ್ತಿಗೆ ಬಾಯಲ್ಲಿ ದಿನಾ ನಿನ್ನದೇ ಜಪ. ‘ನನ್ನ ತಂಗಿ ಗಂಡನ್ನ ನೋಡಿ ಕಲೀರಿ. ಯಾವ ಸಾಮಾನಿಗೂ ಕೈ ಹಾಕಲ್ಲ, ಅದಕ್ಕೇ ಅವರ ಮನೇಲಿ ಎಲ್ಲಾ ನೆಟ್ಟಗಿದೆ. ನಮ್ಮನೇಲಿ ನೀವು ಬಿಚ್ಚದೆ ಉಳಿದಿರೋದು ನಾನೊಬ್ಬಳೇ’ ಅಂತಾಳೆ. ಕೇಳಿ ಕೇಳಿ ನನಗೆ ಹೊಟ್ಟೆ ಉರಿದುಹೋಗಿದೆ.”

ಆಹಾ! ನನ್ನ ಮೇಲೆ ಹೊಟ್ಟೆಕಿಚ್ಚು! ಅದೂ ಇವರಿಗೆ! ಎದೆ ಎರಡಂಗುಲ ಉಬ್ಬಿತು. ಷಡ್ಡಕನನ್ನು ಬಾಗಿಲವರೆಗೆ ಕಳಿಸಿದವನೇ ಹೆಂಡತಿಯ ಮುಂದೆ ಹೋಗಿ ನಿಂತೆ.

“ಕೇಳಿದ್ಯಾ? ನಿಮ್ಮಕ್ಕ ನನ್ನನ್ನ ಹಾಡಿ ಹೊಗಳ್ತಾರಂತೆ! ಯಾವುದಕ್ಕೂ ಕೈ ಹಾಕದ ಗಂಡ ಅಂತ!”

ಅವಳು ಪರದೆಯಿಂದ ಕಣ್ಣು ತೆಗೆಯಲಿಲ್ಲ.

“ಅವಳಿಗೆ ಹಾಗಂತ ಹೇಳಿದ್ದೇ ನಾನು. ಅವಳು ಭಾವನ್ನ ಹೊಗಳಿಕೊಂಡಾಗೆಲ್ಲ ನಿಮ್ಮ ಬಗ್ಗೆ ಹೇಳಿಕೊಳ್ಳೋಕೆ ನನಗಿದ್ದದ್ದು ಅದೊಂದೇ ರೀ” ಎಂದಳು. “ಇವತ್ತು ಫೋನ್ ಮಾಡ್ತಾಳೆ. ಏನಂತ ಹೇಳಲಿ?”